ಬಯಲಿಗೆ ಬನ್ನಿ: ಬೆಂಗಳೂರಿನಲ್ಲಿ ಶರತ್ಕಾಲ



ದತ್ತಿ ಉಪನ್ಯಾಸ ಎಂದರೆ ಒಬ್ಬ ಕವಿಯನ್ನೋ ಒಂದು ಶಾಸನವನ್ನೋ ಒಂದು ಚಳವಳಿಯನ್ನೋ ವಿಷಯವಾಗಿ ಆರಿಸಿಕೊಳ್ಳುವುದು ವಾಡಿಕೆ. ನಾನು ಒಂದು ಋತುವನ್ನು ಆರಿಸಿಕೊಂಡಿದ್ದೇನೆ. ಅದೂ ಕಾವ್ಯದೊಳಗಿನ ಋತುವಲ್ಲ, ಈ ಸಭಾಂಗಣದ ಬಾಗಿಲಾಚೆ ನಡೆಯುತ್ತಿರುವ ಋತು. ಬೆಂಗಳೂರಿನವರಿಗೆ ತಮ್ಮ ಊರಿನ ಹವೆಯ ಬಗ್ಗೆ ಅಭಿಮಾನ ಬಹಳ. ನೆಂಟರ ಮುಂದೆ ಹೊಗಳುತ್ತೇವೆ, ಚೆನ್ನೈಯವರ ಮುಂದೆ ಸ್ವಲ್ಪ ಹೆಚ್ಚೇ ಹೊಗಳುತ್ತೇವೆ. ಆದರೆ ಆ ಹವೆಯಲ್ಲಿ ಹೋಗಿ ನಿಲ್ಲುವವರು ಕಡಿಮೆ. ಮನೆಯಿಂದ ಕ್ಯಾಬು, ಕ್ಯಾಬಿನಿಂದ ಆಫೀಸು, ಶನಿವಾರ ಮಾಲು. ವರ್ಷದ ಅತ್ಯುತ್ತಮ ಎರಡು ತಿಂಗಳನ್ನು ನಾವು ಎಸಿ ಹಾಕಿಕೊಂಡು ಕಳೆಯುತ್ತೇವೆ.

ನಾನು ಹೇಳಬೇಕೆಂದಿರುವ ಮಾತು ಒಂದೇ, ಮೊದಲೇ ಹೇಳಿಬಿಡುತ್ತೇನೆ. ಈ ಊರಿನ ಶರತ್ಕಾಲದಲ್ಲಿ ಕಣ್ಣಿಗೆ ಬೀಳುವ ಬಹುಪಾಲು ಸಂಗತಿಗಳು ಬೇರೆಲ್ಲಿಂದಲೋ ಬಂದವು. ಹಕ್ಕಿ ಹಿಮಾಲಯದ್ದು, ಹೂವಿನ ಮರ ದಕ್ಷಿಣ ಅಮೆರಿಕದ್ದು, ಬಸವನಗುಡಿ ಪರಿಷೆಯ ಕಡಲೆಕಾಯಿಯ ಮೂಲವೂ ಅಲ್ಲಿಯದೇ, ಅದನ್ನು ಮಾರುವವರು ಕೋಲಾರ, ಮಾಗಡಿ, ಆಂಧ್ರ, ತಮಿಳುನಾಡಿನವರು. ಬಂದವರೆಲ್ಲ ಎಲ್ಲಾದರೂ ಇಳಿಯಬೇಕಲ್ಲ. ಇಳಿಯಲು ಜಾಗ ಇರುವ ಕಡೆ ಋತು ಇರುತ್ತದೆ. ಇಲ್ಲದ ಕಡೆ ಕ್ಯಾಲೆಂಡರ್ ಮಾತ್ರ ಇರುತ್ತದೆ. ಮಹಾನಗರದಲ್ಲಿ ಒಂದು ಋತುವನ್ನು ಸವಿಯುವುದು ಎಂದರೆ ಆ ಜಾಗಗಳನ್ನು ಹುಡುಕಿಕೊಂಡು ಹೋಗುವುದು. ಹಾಗೆ ಹೋದವರೇ ಆಮೇಲೆ ಅವನ್ನು ಉಳಿಸಿಕೊಳ್ಳುತ್ತಾರೆ.

ಎಲೆ ಉದುರದ ಶರತ್ಕಾಲ

ಅಕ್ಟೋಬರ್ ಬಂತೆಂದರೆ ನ್ಯೂಜೆರ್ಸಿಯಲ್ಲೋ ಬಾಸ್ಟನ್ನಿನಲ್ಲೋ ಇರುವ ನಮ್ಮ ಮಕ್ಕಳು ಮನೆಯ ವಾಟ್ಸಾಪ್ ಗ್ರೂಪಿಗೆ ಕೆಂಪು ಮೇಪಲ್ ಮರದ ಫೋಟೊ ಕಳಿಸುತ್ತಾರೆ. ಇಲ್ಲಿಂದ ಅಜ್ಜಿ, ‘ಎಷ್ಟು ಚೆನ್ನಾಗಿದೆ ಪುಟ್ಟಾ, ಸ್ವೆಟರ್ ಹಾಕ್ಕೋ’ ಎಂದು ವಾಯ್ಸ್ ಮೆಸೇಜು ಹಾಕುತ್ತಾರೆ. ಅಲ್ಲಿ ಹಗಲು ಬೇಗಬೇಗ ಕುಗ್ಗುತ್ತದೆ, ಚಳಿ ಏರುತ್ತದೆ. ಎಲೆಯಲ್ಲಿರುವ ಪತ್ರಹರಿತ್ತು ಒಡೆಯುತ್ತದೆ; ಅದರಲ್ಲಿದ್ದ ಸಾರವನ್ನು ಮರ ಒಳಗೆ ಎಳೆದುಕೊಳ್ಳುತ್ತದೆ. ಹಸಿರಿನ ಅಡಿಯಲ್ಲಿ ಮೊದಲಿಂದಲೂ ಇದ್ದ ಹಳದಿ ಆಗ ಕಾಣಿಸುತ್ತದೆ, ಕೆಂಪು ಹೊಸದಾಗಿ ತಯಾರಾಗುತ್ತದೆ.

ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇಲ್ಲಿ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ನಮ್ಮ ಮರಗಳು ಎಲೆ ಉದುರಿಸುವುದು ನೀರಿನ ಲೆಕ್ಕ ನೋಡಿಕೊಂಡು, ಬಹುಮಟ್ಟಿಗೆ ಸಂಕ್ರಾಂತಿ ಕಳೆದ ಮೇಲೆ. ಹಾಗಾಗಿ ಆ ಫೋಟೊಗಳನ್ನು ನೋಡಿ ನಮ್ಮಲ್ಲಿ ಶರತ್ಕಾಲವೇ ಇಲ್ಲ ಎಂದುಕೊಳ್ಳುವವರಿದ್ದಾರೆ. ಇದೆ. ಆದರೆ ಅದರ ಗುರುತುಗಳು ಬೇರೆ.

ಪಂಚಾಂಗದ ಪ್ರಕಾರ ಆಶ್ವಯುಜ ಮತ್ತು ಕಾರ್ತಿಕ ಶರದೃತು. ಬೆಂಗಳೂರಿನಲ್ಲಿ ಇದು ಮಳೆ ಪೂರ್ತಿ ನಿಂತುಹೋದ ಕಾಲವೇನಲ್ಲ. ಇಲ್ಲಿ ಅತಿ ಹೆಚ್ಚು ಮಳೆ ಸುರಿಯುವ ತಿಂಗಳುಗಳ ಪಟ್ಟಿಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮುಂದೆಯೇ ಇವೆ. ಬದಲಾಗುವುದು ಮಳೆ ಬರುವ ರೀತಿ. ಜುಲೈಯಲ್ಲಿ ದಿನವಿಡೀ ಜಿಟಿಜಿಟಿ. ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಹಾಗಲ್ಲ. ಮಧ್ಯಾಹ್ನ ಮೋಡ ಕಟ್ಟಿ, ಸಂಜೆ ಗುಡುಗಿ, ರಾತ್ರಿ ಹೊಡೆದು ಹೋಗುತ್ತವೆ. ಅಂಡರ್‌ಪಾಸ್ ತುಂಬುತ್ತದೆ, ನಾವು ಪಾಲಿಕೆಯನ್ನು ಬೈಯುತ್ತೇವೆ, ಮಲಗುತ್ತೇವೆ. ಮಾರನೆಯ ಬೆಳಗ್ಗೆ ಧೂಳು ಕೂತಿರುತ್ತದೆ, ಆಕಾಶ ತೊಳೆದಿಟ್ಟಿರುತ್ತದೆ, ಬಿಸಿಲಿಗೆ ಇನ್ನೂ ಚುರುಕು ಬಂದಿರುವುದಿಲ್ಲ. ಹಗಲು 27–28 ಡಿಗ್ರಿ, ರಾತ್ರಿ 19–20. ಬೆಳಗಿನ ಆರರಿಂದ ಒಂಬತ್ತರವರೆಗಿನ ಆ ಹೊತ್ತಿನಲ್ಲಿ ಹಾಸಿಗೆಯಲ್ಲಿ ಫೋನ್ ಉಜ್ಜುತ್ತಾ ಮಲಗಿರುವುದಕ್ಕಿಂತ ದೊಡ್ಡ ನಷ್ಟ ಈ ಊರಿನಲ್ಲಿ ಬೇರೊಂದಿಲ್ಲ.

ಶರತ್ತು ಹೊರಡುವ ಕಾಲ ಎಂಬುದನ್ನು ಹಿಂದಿನವರು ಚೆನ್ನಾಗಿ ಬಲ್ಲರು. ಕಾಳಿದಾಸನ ರಘುವಂಶದ ನಾಲ್ಕನೆಯ ಸರ್ಗದಲ್ಲಿ ರಘುವನ್ನು ದಿಗ್ವಿಜಯಕ್ಕೆ ಹೊರಡಿಸುವುದು ಶರದೃತುವೇ: ಹೊಳೆಗಳು ದಾಟುವಷ್ಟು ಇಳಿದಿವೆ, ದಾರಿಯ ಕೆಸರು ಆರಿದೆ, ಇನ್ನು ತಡಮಾಡಲು ಕಾರಣವಿಲ್ಲ. ವಿಜಯದಶಮಿಯ ಸೀಮೋಲ್ಲಂಘನದ ಹಿಂದೆ ಇರುವುದೂ ಇದೇ ತರ್ಕ. ಊರಿನ ಗಡಿ ದಾಟಿ, ಬನ್ನಿ ಮರದವರೆಗೆ ನಡೆದು, ಸೊಪ್ಪು ತಂದು, ಹಿರಿಯರ ಕೈಗಿಟ್ಟು ನಮಸ್ಕರಿಸುವುದು. ಈಗ ಬಹುತೇಕ ಬಡಾವಣೆಗಳಲ್ಲಿ ಬನ್ನಿ ಸೊಪ್ಪೇ ಮಾರುಕಟ್ಟೆಯಿಂದ ಕಟ್ಟು ಕಟ್ಟಿಕೊಂಡು ಮನೆಗೆ ಬರುತ್ತದೆ. ಗಡಿ ದಾಟುವ ಕೆಲಸವನ್ನು ಸೊಪ್ಪು ಮಾರುವವರಿಗೆ ವಹಿಸಿ ನಾವು ಸುಮ್ಮನಾಗಿದ್ದೇವೆ.

ಬಂಡೆಯ ಸುತ್ತ

ಗಡಿ ದಾಟದಿದ್ದರೂ ಪರವಾಗಿಲ್ಲ, ಮೊದಲು ಲಾಲ್‌ಬಾಗಿಗೆ ಹೋಗೋಣ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಇವತ್ತು 240 ಎಕರೆ ಇದೆ. ಅದರ ನಡುವಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಕೆಂಪೇಗೌಡರ ಗೋಪುರ ನಿಂತಿರುವುದು ಅದರ ಮೇಲೆಯೇ. ಗಾಜಿನ ಮನೆ 1889ರದು. ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಲಕ್ಷಗಟ್ಟಲೆ ಜನ ನುಗ್ಗುತ್ತಾರೆ. ಆ ಎರಡರ ನಡುವೆ ಬರುವ ಅಕ್ಟೋಬರಿನಲ್ಲಿ ಯಾರೂ ಜೋಡಿಸದೆ ನಡೆಯುವ ಪ್ರದರ್ಶನಕ್ಕೆ ಅಷ್ಟು ಜನ ಬರುವುದಿಲ್ಲ.

ಆ ಪ್ರದರ್ಶನದ ಮೊದಲ ಅತಿಥಿ ಬೂದು ಸಿಪಿಲೆ. ಮಲೆನಾಡಿನ ಕಡೆಯವರು ಕುಂಡೆಕುಸ್ಕ ಎನ್ನುವ ಹಕ್ಕಿಗಳ ಜಾತಿಯದು. ಬೆನ್ನು ಬೂದು, ಬಾಲದ ಬುಡ ಹಳದಿ, ಬಾಲ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಬೇಸಿಗೆಯಲ್ಲಿ ಹಿಮಾಲಯದ ಹೊಳೆಗಳ ಬದಿಯಲ್ಲಿ ಮರಿ ಮಾಡಿ, ಸೆಪ್ಟೆಂಬರಿನಲ್ಲಿ ಇಲ್ಲಿಗೆ ಇಳಿಯುತ್ತದೆ. ಅದರ ಮೈತೂಕ ಸುಮಾರು 20 ಗ್ರಾಂ. ಮರದ ನೆರಳಿನ ಒದ್ದೆ ಹಾದಿಯಲ್ಲಿ ನಾಲ್ಕು ಹೆಜ್ಜೆ ಓಡುತ್ತದೆ, ನಿಲ್ಲುತ್ತದೆ, ಬಾಲ ಕುಣಿಸುತ್ತದೆ, ಕಣ್ಣಿಗೆ ಕಾಣದ ಯಾವುದೋ ಹುಳುವನ್ನು ಹೆಕ್ಕಿ ಮತ್ತೆ ನಾಲ್ಕು ಹೆಜ್ಜೆ ಓಡುತ್ತದೆ. ವಾಕಿಂಗ್‌ಗೆ ಬಂದವರು ಹತ್ತಿರ ಬಂದರೆ ಎರಡು ಮಾರು ಆಚೆ ಹಾರಿ ಕೂತು ಮತ್ತೆ ಅದೇ ಕೆಲಸ. ಬೈನಾಕ್ಯುಲರ್ ಬೇಕಿಲ್ಲ, ಕಿವಿಯಿಂದ ಇಯರ್‌ಫೋನ್ ತೆಗೆದರೆ ಸಾಕು.

ಇಯರ್‌ಫೋನ್ ತೆಗೆದ ಮೇಲೆ ಇನ್ನೊಂದು ದನಿ ಕೇಳಿಸುತ್ತದೆ. ಮರದ ನೆತ್ತಿಯಿಂದ ದಿನವಿಡೀ ಚಿಕ್ಕದಾಗಿ, ಚೂಪಾಗಿ ಕೂಗುವುದು ಗ್ರೀನಿಶ್ ವಾರ್ಬ್ಲರ್ ಎಂಬ ಉಲಿಯಕ್ಕಿ. ಹಿಮಾಲಯದಿಂದಲೂ ಅದರಾಚೆಯಿಂದಲೂ ಬರುವ ಇದರ ತೂಕ ಒಂದು ಹತ್ತು ರೂಪಾಯಿ ನಾಣ್ಯದಷ್ಟು. ಇದು ಚಳಿಗಾಲ ಕಳೆಯುವುದಕ್ಕೂ ತನ್ನದೇ ಒಂದು ಸರಹದ್ದು ಹಾಕಿಕೊಳ್ಳುತ್ತದೆ; ಆ ಕೂಗು ಅದರ ಗಡಿ ಕಾಯುವ ಕೂಗು. ನಿಮ್ಮ ರಸ್ತೆಯಲ್ಲಿ ನಾಲ್ಕು ದೊಡ್ಡ ಮರ ಇದ್ದರೆ ಅಲ್ಲಿಯೂ ಇದು ಬಂದಿರುತ್ತದೆ. ನಾಲ್ಕು ಮರ ಕಡಿದ ರಸ್ತೆಗೆ ಇದು ಬರುವುದಿಲ್ಲ, ಬರಲಿಲ್ಲ ಎಂದು ಯಾರಿಗೂ ಗೊತ್ತಾಗುವುದೂ ಇಲ್ಲ.

ಮೂರನೆಯದು ನವರಂಗ. ಉತ್ತರ ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ಮಳೆಗಾಲ ಕಳೆದು, ರಾತ್ರಿಯ ಹೊತ್ತು ಹಾರಿ, ದಕ್ಷಿಣಕ್ಕೂ ಶ್ರೀಲಂಕಾಕ್ಕೂ ಹೋಗುವ ಹಕ್ಕಿ. ದಾರಿಯಲ್ಲಿ ದಣಿದು ಅಥವಾ ಕಟ್ಟಡದ ಗಾಜಿಗೆ ಬಡಿದು ಅಕ್ಟೋಬರಿನಲ್ಲಿ ಬೆಂಗಳೂರಿನ ಮನೆಗಳ ಕಾರ್ ಶೆಡ್ಡಿನಲ್ಲಿ, ಮಹಡಿ ಮೆಟ್ಟಿಲಿನಲ್ಲಿ ಸಿಕ್ಕಿಬೀಳುವುದುಂಟು. ಹಸಿರು, ನೀಲಿ, ಕೆಂಪು, ಕಪ್ಪು, ಬಿಳಿ ಎಲ್ಲ ಒಂದೇ ಮೈಯಲ್ಲಿ. ಸಿಕ್ಕಿದವರು ಗಿಳಿ ಎಂದೋ ಮಿಂಚುಳ್ಳಿ ಎಂದೋ ತಿಳಿಯುತ್ತಾರೆ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯೊಳಗೆ ಕತ್ತಲಲ್ಲಿ ಇಟ್ಟು, ಬೆಕ್ಕಿನಿಂದ ದೂರ ಕಾಪಾಡಿ, ವನ್ಯಜೀವಿ ರಕ್ಷಕರಿಗೆ ಫೋನ್ ಮಾಡುವುದು ಸರಿಯಾದ ಕ್ರಮ.

ಇದೆಲ್ಲವನ್ನೂ ಕಲಿಸುವ ಬಯಲು ಶಾಲೆಯೊಂದು ಈ ಊರಿನಲ್ಲಿದೆ. ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್‌ನವರು 1970ರ ದಶಕದಿಂದ ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ಪದ್ಧತಿ ಇಟ್ಟುಕೊಂಡು ಬಂದಿದ್ದಾರೆ. ಅಲ್ಲಿ ಪಕ್ಷಿಯ ಜೊತೆಗೆ ಮರ, ಚಿಟ್ಟೆ, ಜೇಡ ಎಲ್ಲವೂ ಪಾಠವಾಗುತ್ತವೆ. ಈ ತಿಂಗಳುಗಳಲ್ಲಿ ತಾರಸಿಯ ಮೇಲೆ ನಿಂತರೂ ಪಾಠ ಸಿಗುತ್ತದೆ. ಮಳೆ ಬಿಟ್ಟ ಸಂಜೆ ಗುಂಪುಗುಂಪಾಗಿ ಹಾರುವ ಏರೋಪ್ಲೇನ್ ಚಿಟ್ಟೆಗಳನ್ನು ನೋಡಿರುತ್ತೀರಿ. ಅವುಗಳಲ್ಲಿ ಪಂಟಾಲ ಫ್ಲಾವೆಸೆನ್ಸ್ ಎಂಬ ಹೊಂಬಣ್ಣದ ಜಾತಿ ಭಾರತದಿಂದ ಹೊರಟು, ಮಾಲ್ಡೀವ್ಸ್ ಮೇಲೆ ಹಾದು, ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತದೆ. ಪಾಸ್‌ಪೋರ್ಟ್ ಕಚೇರಿ, ವೀಸಾ ಕೌಂಟರುಗಳು ತುಂಬಿ ತುಳುಕುವ ಈ ಊರಿನಿಂದ ಸದ್ದಿಲ್ಲದೆ ವಿದೇಶಕ್ಕೆ ಹೋಗುವವರು ಇವರು.

ನೆಟ್ಟವರು

ಹಕ್ಕಿಗಳು ತಾವಾಗಿಯೇ ಬಂದವು. ಮರಗಳನ್ನು ತಂದವರಿದ್ದಾರೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾದ ಮೂಲಕ 1908ರಲ್ಲಿ ಬೆಂಗಳೂರಿಗೆ ಬಂದ ಜಿ.ಎಚ್. ಕ್ರುಂಬಿಗಲ್, 1956ರಲ್ಲಿ ಇಲ್ಲಿಯೇ ತೀರಿಕೊಂಡರು. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ಊರು ವರ್ಷದ ಯಾವ ತಿಂಗಳಲ್ಲೂ ಹೂವಿಲ್ಲದೆ ಇರಬಾರದು ಎಂದು ಸಾಲುಮರಗಳನ್ನು ಯೋಜಿಸಿದವರು ಅವರು. ಅವರ ನಂತರ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಆ ಕೆಲಸವನ್ನು ಮುಂದುವರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ಇವತ್ತು ನಾವು ನೆರಳೆಂದು ನಿಲ್ಲುವ ಎಷ್ಟೋ ಮರಗಳು ಆ ದಶಕದವು.

ಶರತ್ಕಾಲದ ಸರದಿ ಹೀಗಿದೆ. ಬಸವನಪಾದ ನೇರಳೆಗೆಂಪಾಗಿ ಅರಳುತ್ತದೆ. ಅಕ್ಟೋಬರ್ ನಡುವಿನಿಂದ ಆಕಾಶಮಲ್ಲಿಗೆ. ಮ್ಯಾನ್ಮಾರ್ ಮತ್ತು ಅದರಾಚೆಯ ನಾಡುಗಳ ಈ ಎತ್ತರದ ಮರದ ಹೂವನ್ನು ಯಾರೂ ಕೊಂಬೆಯಲ್ಲಿ ನೋಡುವುದಿಲ್ಲ, ನೆಲದ ಮೇಲೆಯೇ ನೋಡುವುದು. ಒಂದು ಎತ್ತಿಕೊಳ್ಳಿ. ಉದ್ದನೆಯ ಬಿಳಿ ಕೊಳವೆ, ತುದಿಯಲ್ಲಿ ಎಸಳು. ಕೊಳವೆ ಇಷ್ಟು ಉದ್ದ ಯಾಕೆ ಎಂದರೆ ಇದು ಅರಳುವುದು ರಾತ್ರಿ, ಇದರ ಗಿರಾಕಿ ಉದ್ದ ನಾಲಗೆಯ ದೊಡ್ಡ ಪತಂಗ. ಬೆಳಗಾಗುವಷ್ಟರಲ್ಲಿ ವ್ಯಾಪಾರ ಮುಗಿದು ಹೂ ಕೆಳಗಿರುತ್ತದೆ. ಪೌರಕಾರ್ಮಿಕ ಮಹಿಳೆಯರ ಪೊರಕೆ ಬರುವ ಮುಂಚೆ ಹೋದರೆ ಡಾಂಬರು ಕಾಣದಷ್ಟು ಬಿದ್ದಿರುತ್ತದೆ. ಶಾಲೆಗೆ ಹೊರಟ ಹುಡುಗಿಯರು ಆ ಕೊಳವೆಗಳನ್ನು ಒಂದಕ್ಕೊಂದು ಹೆಣೆದು, ದಾರವಿಲ್ಲದೆ ಜಡೆ ಕಟ್ಟುವುದನ್ನು ಹಳೆಯ ಬಡಾವಣೆಗಳಲ್ಲಿ ಈಗಲೂ ನೋಡಬಹುದು. ಆಮೇಲೆ ಕಾರ್ತಿಕ ಮುಗಿಯುತ್ತಾ ಬಂದಂತೆ ದಕ್ಷಿಣ ಅಮೆರಿಕದ ಮರ ತಬೂಬಿಯಾ ಎಲೆ ಕಳಚಿ ಗುಲಾಬಿಯಾಗುತ್ತದೆ. ಕಬ್ಬನ್ ಪಾರ್ಕಿನ ಸುತ್ತ ಆಗ ಮರಕ್ಕಿಂತ ಮೊಬೈಲ್ ಕ್ಯಾಮೆರಾಗಳೇ ಹೆಚ್ಚು. ಇರಲಿ, ಹೊರಗೆ ಬಂದರಲ್ಲ.

ಮರದ ಕೆಳಗೆ ನಿಂತು ಪಾಠ ಮಾಡುವ ಪರಂಪರೆ ಕನ್ನಡಕ್ಕೆ ಹೊಸದಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಸಸ್ಯಶಾಸ್ತ್ರದ ಮೇಷ್ಟ್ರ ಪುಸ್ತಕ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತರಗತಿಯ ಹೊರಗಿನ ತಮಾಷೆಗೂ ವಿಜ್ಞಾನಕ್ಕೂ ಜಗಳವಿಲ್ಲ ಎಂದು ಆ ಪುಸ್ತಕ ತೋರಿಸಿಕೊಟ್ಟಿದೆ. ಜಯನಗರದ ಒಂದು ರಸ್ತೆಯಲ್ಲಿ ಹತ್ತು ಮಕ್ಕಳನ್ನು ಕರೆದುಕೊಂಡು ಅದೇ ಕೆಲಸ ಮಾಡಲು ಯಾವ ಮೇಷ್ಟ್ರಿಗೂ ಅಡ್ಡಿಯಿಲ್ಲ.

ಪರಿಷೆ

ಬೆಂಗಳೂರಿನ ಶರತ್ಕಾಲದ ಅತಿ ದೊಡ್ಡ ಹೊರಾಂಗಣ ಸಂಭ್ರಮ ಕಾರ್ತಿಕದ ಕಡೆಯ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆ. ಕತೆ ನಿಮಗೆಲ್ಲ ಗೊತ್ತು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರು ಬೆಳೆದ ಕಾಯಿಯನ್ನು ರಾತ್ರೋರಾತ್ರಿ ಒಂದು ಬಸವ ಬಂದು ಮೇಯುತ್ತಿತ್ತು. ಅಟ್ಟಿಸಿಕೊಂಡು ಹೋದರೆ ಅದು ಗುಡ್ಡದ ಮೇಲೆ ಕಲ್ಲಾಯಿತು. ಅಂದಿನಿಂದ ಮೊದಲ ಬೆಳೆ ಬಸವಣ್ಣನಿಗೆ. ಆ ಹಳ್ಳಿಗಳು ಇವತ್ತು ಬಸ್ ಸ್ಟಾಪಿನ ಹೆಸರುಗಳು. ಹೊಲ ಹೋಯಿತು, ಹರಕೆ ಉಳಿಯಿತು, ಕಾಯಿ ಈಗ ದೂರದಿಂದ ಲಾರಿಯಲ್ಲಿ ಬರುತ್ತದೆ.

ಕಾಲಮಾನಕ್ಕೂ ಬೆಳೆಗೂ ಇರುವ ಸಂಬಂಧ ಗಮನಿಸಿ. ಮುಂಗಾರಿಗೆ ಬಿತ್ತಿದ ಕಡಲೆಕಾಯಿ ಕೀಳುವುದು ಅಕ್ಟೋಬರ್, ನವೆಂಬರಿನಲ್ಲಿ. ಗಿಡದ ಹಳದಿ ಹೂ ಬೆಳಗ್ಗೆ ಅರಳಿ ಬಾಡುತ್ತದೆ. ಆಮೇಲೆ ಅದರ ಬುಡದಿಂದ ಒಂದು ತೆಳ್ಳನೆಯ ಕಡ್ಡಿ ಹೊರಟು, ಕೆಳಮುಖವಾಗಿ ಬೆಳೆದು, ಮಣ್ಣಿನೊಳಗೆ ಇಳಿದು ಅಲ್ಲಿ ಕಾಯಿ ಕಟ್ಟುತ್ತದೆ. ಮಣ್ಣು ತೀರಾ ಒಣಗಿದರೆ ಕಡ್ಡಿ ಇಳಿಯುವುದಿಲ್ಲ. ಕೀಳುವಾಗ ನೆಲ ಗಟ್ಟಿಯಾಗಿದ್ದರೆ ಕಾಯಿ ಮಣ್ಣಿನಲ್ಲೇ ಉಳಿದುಬಿಡುತ್ತದೆ. ಹಿಂಗಾರಿನ ಒಂದು ಹದ ಮಳೆ ಬೇಕು, ಎರಡು ಬಿದ್ದರೆ ಕಾಯಿ ಮೊಳಕೆಯೊಡೆಯುತ್ತದೆ. ಪರಿಷೆಯ ರೇಟು ಹೆಚ್ಚು ಕಡಿಮೆಯಾಗುವುದರ ಹಿಂದೆ ಸ್ವಾತಿ ಮಳೆಯ ಕೈವಾಡ ಇದೆ.

ಪರಿಷೆಯ ದಿನ ಮಧ್ಯಾಹ್ನವೇ ಹೋಗಬೇಕು. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ಗೋಣಿತಾಟು ಹಾಸಿ, ಅದರ ಮೇಲೆ ಕಾಯಿಯ ಗುಡ್ಡೆ. ಹಸಿ, ಹುರಿದದ್ದು, ಬೇಯಿಸಿದ್ದು. ಎರಡು ಬೀಜದ್ದು, ಮೂರು ಬೀಜದ್ದು. ಗುಡ್ಡೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತ ಹೆಂಗಸು ಕೈಗೆ ಒಂದು ಹಿಡಿ ಹಾಕುತ್ತಾಳೆ. ‘ತಿಂದು ನೋಡಿ ಅಣ್ಣ, ಆಮೇಲೆ ದುಡ್ಡು.’ ಸೇರು ತುಂಬುವಾಗ ಒಂದು ಕಲೆ ಇದೆ: ಎಡಗೈಯಿಂದ ಬಾಯಿಗೆ ಕಟ್ಟೆ ಕಟ್ಟಿ ಗೋಪುರ ಏರಿಸುತ್ತಾಳೆ, ಚೀಲಕ್ಕೆ ಸುರಿಯುವ ಮುಂಚೆ ಆ ಕೈ ಸರಿಯುತ್ತದೆ, ನಾಲ್ಕು ಕಾಯಿ ಗುಡ್ಡೆಗೇ ವಾಪಸ್ಸು. ಗಿರಾಕಿ ಅದನ್ನು ನೋಡುತ್ತಾನೆ, ‘ಕೊಸರು ಹಾಕಮ್ಮ’ ಎನ್ನುತ್ತಾನೆ, ಅವಳು ಬೈದುಕೊಂಡೇ ಒಂದು ಹಿಡಿ ಹಾಕುತ್ತಾಳೆ. ಇಬ್ಬರಿಗೂ ಸಮಾಧಾನ. ಕಳ್ಳೆಪುರಿ, ಬೆಂಡು, ಬತ್ತಾಸು, ತಿರುಗುವ ತೊಟ್ಟಿಲು, ಪೀಪಿ, ಕಾಲಡಿಯಲ್ಲಿ ಚಟಚಟ ಎನ್ನುವ ಸಿಪ್ಪೆ.

ಇಲ್ಲಿ ಪ್ರವೇಶ ಶುಲ್ಕವಿಲ್ಲ, ಪಾಸು ಇಲ್ಲ, ವಿಐಪಿ ಸಾಲು ಇಲ್ಲ. ಸಾಫ್ಟ್‌ವೇರ್ ಎಂಜಿನಿಯರೂ ಗಾರ್ಮೆಂಟ್ಸ್ ಹುಡುಗಿಯೂ ಒಂದೇ ಗುಡ್ಡೆಯ ಮುಂದೆ ಬಗ್ಗಬೇಕು. ಇದೆಲ್ಲ ಸಾಧ್ಯವಾಗುವುದು ಒಂದು ದೊಡ್ಡ ರಸ್ತೆಯನ್ನು ವಾಹನಗಳಿಂದ ಬಿಡಿಸಿ ಜನಕ್ಕೆ ಕೊಡುವುದರಿಂದ. ಬಸವನಗುಡಿಯವರು ಆ ದಿನಗಳಲ್ಲಿ ಸುತ್ತು ಹಾಕಿಕೊಂಡು ಮನೆ ಸೇರುತ್ತಾರೆ, ಗೊಣಗುತ್ತಾರೆ, ಸಂಜೆ ತಾವೇ ಚೀಲ ಹಿಡಿದು ಬರುತ್ತಾರೆ. ಬಟ್ಟೆಯ ಚೀಲ ಹಿಡಿದು ಬನ್ನಿ ಎಂಬುದಷ್ಟೇ ನನ್ನ ಸೇರ್ಪಡೆ.

ನೆಡಬಾರದ ಬಯಲು

ಈಗ ಗಡಿ ದಾಟೋಣ. ಊರಿನ ವಾಯವ್ಯಕ್ಕೆ ಹೆಸರಘಟ್ಟ. ಅರ್ಕಾವತಿಗೆ 1894ರಲ್ಲಿ ಕಟ್ಟಿದ ಕೆರೆ ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಅದರ ಪಕ್ಕದಲ್ಲಿ ಹುಲ್ಲುಗಾವಲು. ಅಕ್ಟೋಬರ್, ನವೆಂಬರಿನಲ್ಲಿ ಹುಲ್ಲು ತೆನೆ ಕಟ್ಟಿ ಬೆಳಗಿನ ಓರೆ ಬಿಸಿಲಿಗೆ ಹೊಳೆಯುತ್ತದೆ. ಹ್ಯಾರಿಯರ್ ಎಂಬ ಉದ್ದ ರೆಕ್ಕೆಯ ಬೇಟೆಹಕ್ಕಿಗಳು ಮಧ್ಯ ಏಷ್ಯಾದ ಕಡೆಯಿಂದ ಬಂದು, ಹುಲ್ಲಿಗೆ ತಾಗುವಷ್ಟು ಕೆಳಗೆ ಹಾರುತ್ತಾ ಇಲಿ, ಮಿಡತೆ ಹುಡುಕುತ್ತವೆ. ಕತ್ತಲಾಗುವ ಮುಂಚೆ ನೆಲದ ಮೇಲೆಯೇ ಹುಲ್ಲಿನ ನಡುವೆ ಇಳಿದು ರಾತ್ರಿ ಕಳೆಯುತ್ತವೆ.

ಮರ ನೆಟ್ಟವರನ್ನು ಇಷ್ಟು ಹೊತ್ತು ಹೊಗಳಿದೆ. ಹೆಸರಘಟ್ಟದಲ್ಲಿ ಮಾಡಬೇಕಾದ ಕೆಲಸ ನೆಡದಿರುವುದು. ಹುಲ್ಲುಗಾವಲಿಗೆ ಸಸಿ ನೆಟ್ಟರೆ ಹುಲ್ಲು ಸಾಯುತ್ತದೆ, ಹುಲ್ಲನ್ನು ನಂಬಿದ ಹಕ್ಕಿ ಬರುವುದಿಲ್ಲ. ಬಯಲನ್ನು ಕಂಡ ಕೂಡಲೇ ‘ಇಲ್ಲೇನಾದರೂ ಮಾಡಬೇಕಲ್ಲ’ ಎನ್ನಿಸುವುದು ನಮ್ಮ ಕಾಲದ ರೋಗ. ಇಲ್ಲಿ ಚಿತ್ರನಗರಿ ಮಾಡುವ ಪ್ರಸ್ತಾಪವೂ ಇತ್ತು. ಕಡೆಗೆ 2024ರಲ್ಲಿ ಸುಮಾರು 5,600 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಆ ನಿರ್ಧಾರದ ಹಿಂದೆ ಬೆಳಗಿನ ಜಾವ ಎದ್ದು ಅಲ್ಲಿಗೆ ಹೋಗುತ್ತಿದ್ದ ಫೋಟೊಗ್ರಾಫರುಗಳು, ಪಕ್ಷಿವೀಕ್ಷಕರು ಹತ್ತಾರು ವರ್ಷ ಮಾಡಿದ ಪಟ್ಟಿಗಳಿವೆ, ಬರೆದ ಅರ್ಜಿಗಳಿವೆ. ಹವ್ಯಾಸಕ್ಕೆಂದು ಹೋದವರ ನೋಟ್‌ಬುಕ್ಕುಗಳು ಸರ್ಕಾರದ ಮುಂದೆ ಸಾಕ್ಷ್ಯವಾದವು.

ಗೇಟು ಮತ್ತು ಬೋರ್ಡು

ಹೊರಗೆ ಬನ್ನಿ ಎಂದು ವೇದಿಕೆಯ ಮೇಲಿಂದ ಕರೆಯುವುದು ಸುಲಭ. ಯಾರು ಬರಬಲ್ಲರು ಎಂದು ಕೇಳುವುದು ಕಷ್ಟ. ಈ ಊರಿನ ಬಡಾವಣೆಯ ಪಾರ್ಕುಗಳು ಬಹುಕಾಲ ನಡುಹಗಲು ಬೀಗ ಹಾಕಿಕೊಂಡಿರುತ್ತಿದ್ದವು. ಬೆಳಗಿನ ವಾಕಿಂಗಿನವರಿಗೆ ತೊಂದರೆಯಿಲ್ಲ. ಆದರೆ ಮೂರು ಮನೆ ಕೆಲಸ ಮುಗಿಸಿ ಊಟದ ಡಬ್ಬಿ ಬಿಚ್ಚಲು ನೆರಳು ಹುಡುಕುವ ಹೆಂಗಸಿಗೆ, ಎರಡು ಆರ್ಡರಿನ ನಡುವೆ ಕಾಲು ಚಾಚಬೇಕೆನ್ನುವ ಡೆಲಿವರಿ ಹುಡುಗನಿಗೆ ಆ ಬೀಗ ಹೇಳುತ್ತಿದ್ದುದು ಒಂದೇ ಮಾತು: ಇದು ನಿಮಗಲ್ಲ. 2024ರಲ್ಲಿ ಪಾಲಿಕೆಯ ಉದ್ಯಾನಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಆದೇಶವಾಯಿತು. ಒಳ್ಳೆಯದು. ಇನ್ನು ಬೋರ್ಡುಗಳ ಸರದಿ. ಹುಲ್ಲಿನ ಮೇಲೆ ಕೂರಬಾರದು, ಚೆಂಡು ತರಬಾರದು, ಎಡದಿಂದ ಬಲಕ್ಕೇ ಸುತ್ತಬೇಕು. ನನ್ನ ಮನೆಯ ಹತ್ತಿರದ ಒಂದು ಪಾರ್ಕಿನಲ್ಲಿ ಮಕ್ಕಳು ಓಡಿದರೆ ಸೀಟಿ ಊದುತ್ತಾರೆ. ಓಡಬಾರದ ಮಕ್ಕಳಿಗೆ ಪಾರ್ಕು ಯಾಕೆ ಬೇಕು, ಕಾರಿಡಾರ್ ಸಾಲದೇ?

ಹೆಂಗಸರ ಪ್ರಶ್ನೆ ಇನ್ನೂ ಆಳದ್ದು. ಗಂಡಸು ಕಲ್ಲುಬೆಂಚಿನ ಮೇಲೆ ಟವೆಲ್ ಹಾಸಿ ನಿದ್ದೆ ಮಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಹೆಂಗಸು ಹಾಗೆ ಮಲಗಿದ್ದನ್ನು ಎಂದಾದರೂ ನೋಡಿದ್ದೀರಾ? ಬೆಂಗಳೂರಿನಲ್ಲಿ 2003ರಲ್ಲಿ ಹುಟ್ಟಿದ ಬ್ಲ್ಯಾಂಕ್ ನಾಯ್ಸ್ ಎಂಬ ಗುಂಪು ಇದನ್ನೇ ಒಂದು ಕಾರ್ಯಕ್ರಮ ಮಾಡಿತು. ‘ಮೀಟ್ ಟು ಸ್ಲೀಪ್’ ಎಂದು ಹೆಸರಿಟ್ಟು, ಹೆಣ್ಣುಮಕ್ಕಳು ಪಾರ್ಕಿಗೆ ಬಂದು ಹುಲ್ಲಿನ ಮೇಲೆ ಚಾಪೆ ಹಾಸಿ ಮಲಗಿದರು. ಭಾಷಣವಿಲ್ಲ, ಘೋಷಣೆಯಿಲ್ಲ, ನಿದ್ದೆ. ಇತ್ತೀಚೆಗೆ, 2023ರಿಂದ, ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಗ್ಗೆ ಪುಸ್ತಕ ತಂದು ಮೌನವಾಗಿ ಓದುವವರ ಕೂಟ ಶುರುವಾಗಿ ದೇಶದ ಬೇರೆ ಊರುಗಳಿಗೂ ಹಬ್ಬಿದೆ. ಅಪರಿಚಿತರ ನಡುವೆ ನಿಶ್ಚಿಂತೆಯಿಂದ ಕೂರಬಹುದು ಎಂಬ ಭರವಸೆ ಸಿಕ್ಕಿದಲ್ಲಿ ಹುಡುಗಿಯರು ಬರುತ್ತಾರೆ, ಮುದುಕರು ಬರುತ್ತಾರೆ. ಅವರು ಬಂದ ಮೇಲೆ ಉಳಿದವರೂ ಬರುತ್ತಾರೆ.

ರಸ್ತೆಯ ವಿಷಯದಲ್ಲೂ ಒಂದು ಪ್ರಯೋಗ ನಡೆದಿದೆ. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಚರ್ಚ್ ಸ್ಟ್ರೀಟಿಗೆ ವಾಹನ ಬಿಡಲಿಲ್ಲ. ಆ ಸಂಜೆಗಳಲ್ಲಿ ಗಿಟಾರು, ಬಣ್ಣದ ಚಾಕ್‌ಪೀಸು, ತಳ್ಳುಗಾಡಿಯಲ್ಲಿ ಕೂತ ಕೂಸುಗಳು ರಸ್ತೆಗಿಳಿದವು. ಅವಧಿ ಮುಗಿಯಿತು, ಕಾರುಗಳು ಮರಳಿದವು. ಕಡಲೆಕಾಯಿಗಾಗಿ ನಾವು ಒಂದು ರಸ್ತೆ ಬಿಟ್ಟುಕೊಡುತ್ತೇವೆ, ದೇವರ ಹೆಸರಿದೆ ಎಂದು. ದೇವರ ಹೆಸರಿಲ್ಲದೆಯೂ ವಾರ್ಡಿಗೊಂದು ರಸ್ತೆಯನ್ನು ಕಾರ್ತಿಕದ ಭಾನುವಾರಗಳಂದು ಮಕ್ಕಳಿಗೆ ಬಿಟ್ಟುಕೊಡಬಾರದೇ?

ಅನುಭವಿಸಿದವರೇ ಕಾವಲುಗಾರರು

ಕಬ್ಬನ್ ಪಾರ್ಕು 1864ರಲ್ಲಿ ಶುರುವಾದಾಗ ಸುಮಾರು 100 ಎಕರೆ. ಆಮೇಲೆ ಬೆಳೆದು ಸುಮಾರು 300 ಆಯಿತು. ಅದನ್ನೂ ಲಾಲ್‌ಬಾಗನ್ನೂ ಕಾಪಾಡಲು 1975ರಲ್ಲಿ ರಾಜ್ಯ ಒಂದು ಕಾಯ್ದೆಯನ್ನೇ ಮಾಡಿದೆ. ಕಾಯ್ದೆ ಇದ್ದರೂ 1998ರಲ್ಲಿ ಕಬ್ಬನ್ ಪಾರ್ಕಿನ ಸುಮಾರು 32 ಎಕರೆಯನ್ನು ಉದ್ಯಾನದ ವ್ಯಾಪ್ತಿಯಿಂದ ಕೈಬಿಡಲು ಸರ್ಕಾರ ಮುಂದಾಯಿತು. ಆಗ ಬೀದಿಗಿಳಿದವರಲ್ಲಿ ಪರಿಸರ ತಜ್ಞರ ಜೊತೆಗೆ ದಿನಾ ಅಲ್ಲಿ ನಡೆಯುತ್ತಿದ್ದ ಸಾಮಾನ್ಯ ಜನರೂ ಇದ್ದರು.

2016ರ ಅಕ್ಟೋಬರ್ 16, ಭಾನುವಾರ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ. 812 ಮರಗಳಿಗೆ ಗರಗಸ ಬೀಳುವುದಿತ್ತು. ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಕೊಡೆ ಹಿಡಿದ ಅಜ್ಜಂದಿರು, ಸೈಕಲ್ಲಿನವರು. ಮುಂದಿನ ಮಾರ್ಚಿನಲ್ಲಿ ಯೋಜನೆಯನ್ನು ಕೈಬಿಟ್ಟರು. ಬೆಂಗಳೂರಿನ ಶರತ್ಕಾಲದಲ್ಲಿ ಇಷ್ಟು ಫಲ ಕೊಟ್ಟ ಹೊರಾಂಗಣ ಚಟುವಟಿಕೆ ನನಗೆ ಗೊತ್ತಿರುವಂತೆ ಇನ್ನೊಂದಿಲ್ಲ. ಅಲ್ಲಿ ನಿಂತಿದ್ದವರಿಗೆ ಆ ಮರಗಳ ವೈಜ್ಞಾನಿಕ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಅವುಗಳ ಕೆಳಗೆ ಓಡಾಡಿ ಗೊತ್ತಿತ್ತು. ನಡೆದಾಡದ ಜಾಗದ ಪರವಾಗಿ ಯಾರೂ ಕೈ ಹಿಡಿದು ನಿಲ್ಲುವುದಿಲ್ಲ.

ಆದ್ದರಿಂದ ಋತುವನ್ನು ಸವಿಯುವುದು ಸೋಮಾರಿಗಳ ಶೋಕಿ ಎಂದು ನಾನು ಒಪ್ಪುವುದಿಲ್ಲ. ಕೆರೆಯ ಏರಿಯ ಮೇಲೆ ವಾರಕ್ಕೊಮ್ಮೆ ಹೆಜ್ಜೆ ಹಾಕುವ ಹತ್ತು ಮಂದಿಗೆ, ಕೆರೆಗೆ ಕೊಳಚೆ ನುಗ್ಗಿದ ಮಾರನೆಯ ದಿನವೇ ಗೊತ್ತಾಗುತ್ತದೆ. ಕಚೇರಿಯಲ್ಲಿ ಕೂತವರಿಗೆ ಮೀನು ಸತ್ತು ತೇಲಿದ ಮೇಲೆ ಪೇಪರಿನಲ್ಲಿ ಗೊತ್ತಾಗುತ್ತದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಮತ್ತೆ ಜೀವ ಬಂದದ್ದು ಸುತ್ತಲಿನ ನಿವಾಸಿಗಳು ಪಾಲಿಕೆಯ ಬೆನ್ನು ಬಿಡದೆ ಜೊತೆಗೂಡಿ ದುಡಿದದ್ದರಿಂದ.

ಕೊನೆಯಲ್ಲಿ ಎರಡು ವಿನಂತಿ. ಕೇಳಿಸಿಕೊಂಡ ನಿಮಗೆ ಮೊದಲನೆಯದು: ಈ ಕಾರ್ತಿಕ ಮುಗಿಯುವುದರೊಳಗೆ ನಿಮ್ಮ ವಾರ್ಡಿನಲ್ಲಿ ಗೇಟಿಲ್ಲದ, ಟಿಕೆಟ್ಟಿಲ್ಲದ ಬಯಲು ಎಷ್ಟು ಉಳಿದಿದೆ ಎಂದು ನಡೆದೇ ನೋಡಿ, ಬರೆದಿಡಿ, ವಾರ್ಡ್ ಸಮಿತಿಯ ಸಭೆಯಲ್ಲಿ ಓದಿ. ಎರಡನೆಯದು ಸಂಘಟಕರಿಗೆ: ದತ್ತಿಯ ಹಣದಲ್ಲಿ ಮುಂದಿನ ವರ್ಷ ಸಭಾಂಗಣದ ಬಾಡಿಗೆ ಉಳಿಸಿ. ಆಶ್ವಯುಜದ ಒಂದು ಭಾನುವಾರ ಬೆಳಗ್ಗೆ ಏಳಕ್ಕೆ, ಯಾವುದಾದರೂ ಮರದ ಕೆಳಗೆ ಉಪನ್ಯಾಸ ಇಡಿ. ಮೈಕಿಗೆ ಅನುಮತಿ ಸಿಗದಿದ್ದರೆ ಉಪನ್ಯಾಸಕರು ಸ್ವಲ್ಪ ಜೋರಾಗಿ ಮಾತಾಡುತ್ತಾರೆ, ಬೇಗನೆ ಮುಗಿಸುತ್ತಾರೆ ಕೂಡ. ಉಳಿದ ದುಡ್ಡಿನಲ್ಲಿ ಬಂದವರಿಗೆಲ್ಲ ಬೇಯಿಸಿದ ಕಡಲೆಕಾಯಿ ಕೊಡಿ.